ಅಕ್ಕನ ಕೈಯನ್ನು ನಾನು ತೋರಿಸಿಕೊಟ್ಟೆ

ನಮ್ಮ ಫ್ಯಾಕ್ಟರಿ ಯಾಕೆ ಮುಚ್ಚಿತು ಎಂದು ಯಾರಾದರೂ ಕೇಳಿದರೆ ಎರಡು ದನಿಗಳಲ್ಲಿ ಉತ್ತರ ಕೊಡಬಲ್ಲೆ. ಒಂದು ಮ್ಯಾನೇಜರ್ ದನಿ. ಅದಕ್ಕೆ ಮೂಗನ್ನು ಸ್ವಲ್ಪ ಬಿಗಿಹಿಡಿದು, ಕಣ್ಣನ್ನು ಕೇಳುವವರ ತಲೆಯ ಮೇಲಿನ ಗೋಡೆಗೆ ನೆಟ್ಟು, "ಇದು ಗ್ಲೋಬಲ್ ನಿರ್ಧಾರ, ಲೋಕಲ್‌ನಲ್ಲಿ ಯಾರ ಕೈಲೂ ಏನೂ ಇಲ್ಲ" ಎನ್ನಬೇಕು. ಇನ್ನೊಂದು ನಮ್ಮ ಹೊಳಲ್ಕೆರೆ ಸೂಪರ್‌ವೈಸರ್ ದನಿ. ಅದಕ್ಕೆ ಹಣೆಯ ವಿಭೂತಿ ಉದುರದ ಹಾಗೆ ನಿಧಾನಕ್ಕೆ ತಲೆಯಾಡಿಸಿ, "ಏನ್ಮಾಡಾಣಪ್ಪ, ಮೇಲಿನೋರು ಅಂದ್ರೆ ಮೇಲಿನೋರು" ಎಂದರೆ ಮುಗಿಯಿತು. ಇಬ್ಬರ ದನಿಯನ್ನೂ ಅವರಿಗಿಂತ ಚೆನ್ನಾಗಿ ತೆಗೆಯುತ್ತೇನೆ. ಆದರೆ ಆ ಎರಡು ಉತ್ತರಗಳಲ್ಲೂ ನಾನು ಮಾಡಿದ ಘನಕಾರ್ಯ ಬರುವುದಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಿರಿಯೂರು ದಾಟಿ ಐಮಂಗಲದ ಕಡೆ ಹೋಗುವ ಹೈವೇ ಪಕ್ಕ, ನೀಲಿ ತಗಡಿನ ಉದ್ದನೆಯ ಶೆಡ್ಡು ನಮ್ಮದು. ಕಾರಿನ ಬಾಗಿಲು ತೆರೆದರೆ ಅದರ ಸುತ್ತ ಒಂದು ಕಪ್ಪು ರಬ್ಬರ್ ಪಟ್ಟಿ ಕಾಣುತ್ತದಲ್ಲ, ಮಳೆ ನೀರು, ಧೂಳು, ಗಾಳಿಯ ಸದ್ದು ಒಳಗೆ ಬರದಂತೆ ತಡೆಯುವುದು, ಅದನ್ನು ಬೀಡಿಂಗ್ ಎನ್ನುತ್ತಾರೆ. ಅದನ್ನು ಮಾಡುತ್ತಿದ್ದೆವು. ಕಾರಿನಲ್ಲಿ ಕೂತವರು ಅದನ್ನು ನೋಡುವುದು ಕಿತ್ತುಬಂದಾಗ ಮಾತ್ರ. ನಾವೂ ಹಾಗೇ.

ಉದ್ದನೆಯ ಪಟ್ಟಿ ಮಾಡುವುದು ಯಂತ್ರದ ಕೆಲಸ, ಅದು ದೊಡ್ಡದಲ್ಲ. ಬಾಗಿಲಿಗೆ ಮೂಲೆಗಳಿರುತ್ತವೆ. ಎರಡು ಪಟ್ಟಿಗಳ ತುದಿಯನ್ನು ಬಿಸಿ ಅಚ್ಚಿನಲ್ಲಿಟ್ಟು, ಮಧ್ಯಕ್ಕೆ ಹಸಿ ರಬ್ಬರ್ ತುಂಬಿ, ಬೇಯಿಸಿ, ಒಂದೇ ತುಂಡಿನಂತೆ ಮೂಲೆ ಕೂಡಿಸಬೇಕು. ಬೇಗ ತೆಗೆದರೆ ಹರಿಯುತ್ತದೆ, ತಡವಾದರೆ ಅಚ್ಚಿಗೇ ಕಚ್ಚಿಕೊಳ್ಳುತ್ತದೆ. ಅಂಥ ಏಳು ಕಾರ್ನರ್ ಪ್ರೆಸ್ಸುಗಳಲ್ಲಿ ಒಂದರ ಮುಂದೆ ಹನ್ನೆರಡು ವರ್ಷದಿಂದ ನಿಂತಿದ್ದವಳು ಆದಿವಾಲದ ಒಬ್ಬ ಅಕ್ಕ. ಎಲ್ಲರಿಗೂ ಅಕ್ಕ, ಮ್ಯಾನೇಜರಿಗೂ ಅಕ್ಕ. ಅವಳ ಗಂಡನಿಗೆ ಹೈವೇ ಬದಿಯಲ್ಲಿ ಪಂಕ್ಚರ್ ಅಂಗಡಿಯಿತ್ತು. ರಸ್ತೆ ಅಗಲವಾಗಿ ಮಧ್ಯೆ ಬೇಲಿ ಬಿದ್ದ ಮೇಲೆ ಗಾಡಿಗಳು ಅಲ್ಲಿ ನಿಲ್ಲುವುದನ್ನೇ ಬಿಟ್ಟವು. ಮಗಳು ಚಿತ್ರದುರ್ಗದಲ್ಲಿ ನರ್ಸಿಂಗ್ ಓದುತ್ತಿದ್ದಳು. ಮನೆ ನಿಂತಿದ್ದು ಆ ಪ್ರೆಸ್ಸಿನ ಮೇಲೆ. ಇದನ್ನು ಅವಳು ಗೋಳಿನಂತೆ ಹೇಳಿದ್ದನ್ನು ನಾನು ಕೇಳಿಲ್ಲ. "ನನ್ ಗಂಡಂಗೆ ಈಗ ರೆಸ್ಟು, ನಂಗೆ ಡಬಲ್ ಡ್ಯೂಟಿ" ಎಂದು ನಗುತ್ತಿದ್ದಳು, ಅಷ್ಟೇ.

ನಾನು ಹರಿಯಬ್ಬೆಯವನು. ಹಿರಿಯೂರಿನಲ್ಲಿ ಐಟಿಐ ಮುಗಿಸಿ, ಗುತ್ತಿಗೆಯ ಮೇಲೆ ಸೇರಿ, ಅವಳ ಪಕ್ಕದ ಟೇಬಲ್ಲಿನಲ್ಲಿ ಬ್ಲೇಡು ಹಿಡಿದು ಕೂತಿದ್ದೆ. ಅಚ್ಚಿನಂಚಿಗೆ ಉಕ್ಕಿ ಬಂದ ಹೆಚ್ಚುವರಿ ರಬ್ಬರನ್ನು ಕೆರೆದು ಮೂಲೆಯನ್ನು ನಯ ಮಾಡುವುದು ನನ್ನ ಕೆಲಸ. ಅಕ್ಕ ಊಟಕ್ಕೆ ಹೋದಾಗ ಅವಳ ಪ್ರೆಸ್ಸಿಗೆ ನಿಲ್ಲುತ್ತಿದ್ದವನೂ ನಾನೇ. ಅವಳು ನಿಂತಾಗ ನೂರಕ್ಕೆ ಒಂದು ತುಂಡು ಕೆಡುತ್ತಿತ್ತೋ ಇಲ್ಲವೋ, ನಾನು ನಿಂತ ಅರ್ಧ ಗಂಟೆಯಲ್ಲಿ ಕೆಟ್ಟ ತುಂಡಿನ ಡಬ್ಬಿಗೆ ಕೆಲಸ ಸಿಗುತ್ತಿತ್ತು. "ಇವ್ನು ಬಾಯಲ್ಲಿ ಬೀಡಿಂಗ್ ಮಾಡೋದಾಗಿದ್ರೆ ಎಕ್ಸ್‌ಪೋರ್ಟ್ ಕ್ವಾಲಿಟಿ" ಎಂದು ಸೂಪರ್‌ವೈಸರ್ ಹೇಳುತ್ತಿದ್ದರು. ಅದು ನನಗೆ ಅವಮಾನ ಎಂದು ತಿಳಿಯಲು ಎರಡು ದಿನ ಬೇಕಾಯಿತು.

ಬಾಯಿ ನಿಜವಾಗಿ ಚೆನ್ನಾಗಿತ್ತು. ಮಿಮಿಕ್ರಿ ನನಗೆ ಚಟ. ಕಂಪ್ರೆಸರ್ ಶುರುವಾಗುವ ಸದ್ದು, ಕಂಪನಿ ಬಸ್ಸಿನ ಡ್ರೈವರ್ ಕೆಮ್ಮು, ಹೊಸದುರ್ಗದ ಸ್ಟೋರ್‌ಕೀಪರ್ ಫೋನಿನಲ್ಲಿ ಹೆಂಡತಿಗೆ ಹೆದರುವ ರೀತಿ, ಎಲ್ಲ ಬರುತ್ತಿತ್ತು. ಒಮ್ಮೆ ಊಟದ ಸೈರನ್ನನ್ನು ಹತ್ತು ನಿಮಿಷ ಮೊದಲೇ ಬಾಯಲ್ಲಿ ಹೊಡೆದೆ. ಇಡೀ ಲೈನು ಕೈತೊಳೆಯಲು ಎದ್ದುಹೋಯಿತು. ಒಂದು ದಿನ ಮನೆಯಲ್ಲಿ ಕೂರಿಸಿದರು. ಅವತ್ತು ನಮ್ಮವ್ವ, "ಸೈರನ್ ಕೂಗಾದ್ಕೂ ಒಂದು ಮಿಷನ್ ಐತಲ್ಲೋ, ಅದ್ರ ಕೆಲಸನ್ಯಾಕೆ ಕಿತ್ಕಳಾಕೆ ಹೋದೆ" ಎಂದಳು. ಕೆಲಸ ಕಿತ್ತುಕೊಳ್ಳುವ ಮಾತು ನನಗೆ ಮೊದಲು ಬಂದದ್ದು ಹಾಗೆ, ತಮಾಷೆಯಾಗಿ.

ಅಕ್ಕನನ್ನು ಮಾಡುವುದು ಎಲ್ಲಕ್ಕಿಂತ ಸುಲಭವಿತ್ತು. ಪ್ರೆಸ್ಸು ತೆರೆಯುವ ಮುಂಚೆ ಅವಳು ಬಲಗೈ ಬಳೆಗಳನ್ನು ಮೊಣಕೈ ಕಡೆಗೆ ಎರಡು ಬೆರಳಲ್ಲಿ ಸರಕ್ಕನೆ ಏರಿಸಿ, ಮೂಗಿನಲ್ಲಿ "ಹ್ಞೂಂ" ಎಂದು, ಭುಜ ಒಂದು ಕಡೆ ವಾಲಿಸಿ, ಮೂಲೆಯನ್ನು ತಿರುವಿ ಎತ್ತುತ್ತಿದ್ದಳು. ಮಗುವನ್ನು ತೊಟ್ಟಿಲಿಂದ ಎತ್ತಿದ ಹಾಗೆ. ನಾನು ಮಾಡಿ ತೋರಿಸಿದರೆ ಅವಳೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಳು. "ಲೇ, ನನ್ ಸೊಂಟ ಅಷ್ಟು ದಪ್ಪ ಐತೇನ್ಲೇ" ಎನ್ನುವಳು. "ಕಮ್ಮಿ ಮಾಡಿ ತೋರಿಸ್ತಿದೀನಿ ಅಕ್ಕ, ಜಾಗ ಸಾಲದು" ಎಂದರೆ ರಬ್ಬರ್ ಚೂರು ಎಸೆಯುವಳು.

ಆ ವರ್ಷ ಆಯುಧಪೂಜೆಗೆ ವಿದೇಶದ ಹೆಡ್ ಆಫೀಸಿನಿಂದ ನಾಲ್ಕು ಜನ ಬಂದರು. ನಮ್ಮಲ್ಲಿ ಪೂಜೆ ಎಂದರೆ ಒಂದೊಂದು ಪ್ರೆಸ್ಸಿಗೂ ಅದರ ಮುಂದೆ ನಿಲ್ಲುವವರೇ ತೊಳೆದು, ಕುಂಕುಮ ಇಟ್ಟು, ಬಾಳೆಕಂದು ಕಟ್ಟುವುದು. ಬೇರೆಯವರು ಕುಂಕುಮ ಇಡುವ ಹಾಗಿಲ್ಲ. ಪೂಜೆ ಮುಗಿದು ಊಟವಾದ ಮೇಲೆ ಹಾಡು, ನಾಟಕ, ಕೊನೆಗೆ ನನ್ನ ಮಿಮಿಕ್ರಿ. ಬಂದವರಿಗೆ ಕನ್ನಡ ಬಾರದಿದ್ದರೂ ನಾನು ಅಕ್ಕನನ್ನು ಮಾಡಿದಾಗ ಹೊಟ್ಟೆ ಹಿಡಿದು ನಕ್ಕರು. ಹಿಂದಿನ ದಿನವೆಲ್ಲ ಅವಳ ಟೇಬಲ್ ಮುಂದೆ ನಿಂತು ನೋಡಿದ್ದರಲ್ಲ, ಗುರುತು ಸಿಕ್ಕಿತು.

ವಿಜಯದಶಮಿ ರಜೆ ಮುಗಿದ ಮೇಲೆ ಅವರು ಕ್ಯಾಮೆರಾ ತಂದರು. ಪ್ರತಿ ಟೇಬಲ್ಲಿನ ಕೆಲಸವನ್ನೂ ಚಿತ್ರ ತೆಗೆಯುತ್ತಾರೆ, ಟ್ರೈನಿಂಗಿಗೆ ಎಂದು ಮ್ಯಾನೇಜರ್ ಹೇಳಿದರು. ನಮಗೆ ಅದು ಒಂದೇ ರೀತಿ ಅರ್ಥವಾಯಿತು. ಪಕ್ಕದ ಖಾಲಿ ಜಾಗದಲ್ಲಿ ಎರಡನೇ ಶೆಡ್ಡು ಬರುತ್ತದೆ, ಹೊಸಬರನ್ನು ತಗೊಳ್ಳುತ್ತಾರೆ, ಹಳಬರು ಕಲಿಸಬೇಕು. ಸೂಪರ್‌ವೈಸರ್ ತಮ್ಮ ಅಳಿಯನಿಗೆ ಅರ್ಜಿ ಬರೆಸಿಟ್ಟರು. ಸ್ಟೋರ್‌ಕೀಪರ್ ಇನ್ನೂ ಹುಟ್ಟದ ಮಗನಿಗೂ ಒಂದು ಬರೆಸಿಡಲಿ ಎಂದು ನಾನು ಹೇಳಿ ನಗಿಸಿದೆ. ನಮ್ಮ ಹೆಂಗಸರು ಅವರಿಗೆ ಒಬ್ಬಟ್ಟು, ತುಪ್ಪ ಕೊಟ್ಟು, ಕಾಗದದಲ್ಲಿ ಬರೆದಿರದ ಕೈಚಳಕಗಳನ್ನೆಲ್ಲ ಕರೆದು ಕರೆದು ತೋರಿಸಿದರು. ಮನೆಗೆ ಬಂದವರು ಅಡುಗೆ ಹೇಗೆ ಮಾಡಿದಿರಿ ಎಂದು ಕೇಳಿದರೆ ನಮ್ಮ ಕಡೆ ಯಾರಾದರೂ ಮುಚ್ಚಿಡುತ್ತಾರೆಯೇ. ಇನ್ನೊಂದು ಬಡಿಸಿ, ಹೇಳುತ್ತಾರೆ.

ಅಕ್ಕನ ಸರದಿ ಬಂದಾಗ ಎಡವಟ್ಟಾಯಿತು. ಕ್ಯಾಮೆರಾ ಕಂಡರೆ ಅವಳ ಕೈ ಮರಗಟ್ಟಿತು. ಸೆರಗು ಸರಿಮಾಡಿಕೊಳ್ಳುವಳು, ಬೇಯುವ ಹೊತ್ತು ಮುಗಿಯಿತೆಂದು ಪ್ರೆಸ್ಸಿನ ಬೆಲ್ ಹೊಡೆದ ತಕ್ಷಣ ಹೆದರಿ ತೆಗೆಯುವಳು, ತುಂಡು ಹರಿಯುವುದು. ಮೂರು ಸಲ ಹಾಗೇ ಆಯಿತು. ಮ್ಯಾನೇಜರ್ ಗಡಿಯಾರ ನೋಡಿದರು. ಆಗ ಬಂದವರಲ್ಲಿ ಒಬ್ಬ ನನ್ನ ಕಡೆ ಬೆರಳು ತೋರಿಸಿ ಏನೋ ಹೇಳಿದ.

"ಮೊನ್ನೆ ಮಾಡಿದ್ಯಲ್ಲ, ಅಕ್ಕನ ತರ, ಹಂಗೇ ಮಾಡು. ನಿಧಾನಕ್ಕೆ" ಎಂದರು ಮ್ಯಾನೇಜರ್.

"ಮಾಡಲೇ, ನನ್ಗಿಂತ ನೀನೇ ನನ್ನಂಗೆ ಮಾಡ್ತೀಯ" ಎಂದಳು ಅಕ್ಕ, ಉಸಿರು ಬಿಟ್ಟು.

ಮಾಡಿದೆ. ಬಳೆ ಏರಿಸುವುದು, ಹ್ಞೂಂಕಾರ, ಭುಜ, ತಿರುವು, ಎಲ್ಲ. ನಿಧಾನಕ್ಕೆ ಒಮ್ಮೆ, ಇನ್ನೂ ನಿಧಾನಕ್ಕೆ ಒಮ್ಮೆ, ಎಡದಿಂದ, ಬಲದಿಂದ, ಮೇಲಿನಿಂದ. ಅದೃಷ್ಟಕ್ಕೆ ಎರಡು ತುಂಡು ಚೆನ್ನಾಗಿಯೇ ಬಂದವು. ಅವರು ಹೆಬ್ಬೆರಳು ಎತ್ತಿದರು. ನಾನು ಬಾಗಿ ನಮಸ್ಕರಿಸಿದೆ. ನನ್ನ ಜೀವನದಲ್ಲಿ ನನ್ನನ್ನು ಅಷ್ಟು ಶ್ರದ್ಧೆಯಿಂದ ಯಾರೂ ನೋಡಿರಲಿಲ್ಲ. ಆ ಸಂಜೆ ಬಸ್ಸಿನಲ್ಲಿ, "ಇನ್ನು ನಂದು ಇಂಟರ್‌ನ್ಯಾಷನಲ್ ರೇಂಜು, ಆಟೋಗ್ರಾಫ್ ಬೇಕಾದೋರು ಈಗ್ಲೇ ಇಸ್ಕಳ್ರಿ" ಎಂದು ಊರು ಬರುವತನಕ ಕೊರೆದೆ.

ಎರಡನೇ ಶೆಡ್ಡು ಬರಲಿಲ್ಲ. ಮೊದಲು ಎರಡನೇ ಶಿಫ್ಟು ನಿಂತಿತು. ಆಮೇಲೆ ಭಾನುವಾರದ ಓಟಿ. ಆಮೇಲೆ ಒಂದು ಬೆಳಿಗ್ಗೆ ಹೋದರೆ ಆರು ಪ್ರೆಸ್ಸುಗಳ ಜಾಗ ಖಾಲಿ, ನೆಲದಲ್ಲಿ ಬೋಲ್ಟಿನ ತೂತುಗಳು. ಗೇಟಿನ ಹತ್ತಿರ ಉದ್ದ ಲಾರಿಯ ಮೇಲೆ ಅವುಗಳನ್ನು ಪ್ಲಾಸ್ಟಿಕ್ ಸುತ್ತಿ ಕಟ್ಟಿದ್ದರು. ಪ್ಲಾಸ್ಟಿಕ್ಕಿನೊಳಗಿಂದ ನಾವಿಟ್ಟ ಕುಂಕುಮ ಕಾಣುತ್ತಿತ್ತು. ಅಕ್ಕ ಹತ್ತಿರ ಹೋಗಿ ತನ್ನ ಪಕ್ಕದ ಪ್ರೆಸ್ಸನ್ನು ಗುರುತು ಹಿಡಿದಳು. "ಒರೆಸೋದಾದ್ರೂ ಒರೆಸಬಾರದಾ" ಎಂದಳು ಲಾರಿಯವನಿಗೆ. ಅವನು, "ನನಗೇನ್ ಗೊತ್ತಕ್ಕ, ಬಂದರಿಗೆ ಮುಟ್ಟಿಸೋದಷ್ಟೇ" ಎಂದ.

ವಿಯೆಟ್ನಾಂ ಎಂದು ಆ ದಿನ ಗೊತ್ತಾಯಿತು. ಸೂಪರ್‌ವೈಸರ್ ಫೋನಿನಲ್ಲಿ ನಕಾಶೆ ತೆಗೆದು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ತೋರಿಸಿದರು. ಅಲ್ಲಿ ಹೊಸ ಶೆಡ್ಡು ಎದ್ದಿತ್ತು. ನಾವು ಕನಸು ಕಂಡ ಎರಡನೇ ಶೆಡ್ಡು ಅದೇ. ಕಟ್ಟಿದ ಜಾಗ ಮಾತ್ರ ಬೇರೆ.

ಅಲ್ಲಿ ಕೆಲಸ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಅವರೂ ನಮ್ಮ ಹಾಗೆ ಬಸ್ಸು ಹಿಡಿದು ಬರುವವರೇ ಇರಬೇಕು. ನನ್ನ ಸಿಟ್ಟು ಇರುವುದು ಫ್ಯಾಕ್ಟರಿ ಮುಚ್ಚುತ್ತದೆ ಎಂದು ಹೇಳಲು ಕರೆದ ಮೀಟಿಂಗಿನ ಮೇಲೆ. ಎಲ್ಲರನ್ನೂ ಕ್ಯಾಂಟೀನಿನಲ್ಲಿ ಕೂರಿಸಿ, ಗೋಡೆಯ ಮೇಲೆ ಬಣ್ಣದ ಚಿತ್ರ ಬಿಟ್ಟು, "ನೀವೆಲ್ಲ ಫ್ಯಾಮಿಲಿ ಇದ್ದಹಾಗೆ" ಎಂದು ಮ್ಯಾನೇಜರ್ ಹೇಳಿದರು. ಯಾವ ಫ್ಯಾಮಿಲಿಯಲ್ಲಿ ಹೆಂಡತಿಯ ಕೈಚಳಕವನ್ನೆಲ್ಲ ಬರೆದುಕೊಂಡು, ಪಾತ್ರೆ ಸಮೇತ ಬೇರೆ ಮನೆ ಮಾಡುತ್ತಾರೆ? ಮಾಡಿದವನನ್ನು ಯಾವ ಊರು ಸುಮ್ಮನೆ ಬಿಡುತ್ತದೆ? ಕೊನೆಯಲ್ಲಿ ಎಲ್ಲರಿಗೂ ನೆನಪಿನ ಕಾಣಿಕೆ ಎಂದು ಒಂದೊಂದು ಕೀಚೈನ್ ಕೊಟ್ಟರು. ಕಾರಿನ ಕೀ ಹಾಕುವ ಕೀಚೈನ್. ಇನ್ನೂರು ಜನರಲ್ಲಿ ಕಾರು ಇದ್ದವರು ಒಬ್ಬರೂ ಇರಲಿಲ್ಲ. ಅಕ್ಕ ಅದನ್ನು ತಿರುಗಿಸಿ ನೋಡಿ, "ಬೀರುವಿನ ಕೀಲಿಗೆ ಆದೀತು. ಬೀರೂನೇ ಇಲ್ಲವಲ್ಲ" ಎಂದಳು.

ನಾನು ಆಗಲೂ ಸುಮ್ಮನಿರಲಿಲ್ಲ. ಹೊರಗೆ ಬಂದು ಮ್ಯಾನೇಜರ್ ದನಿಯಲ್ಲಿ ಇಡೀ ಭಾಷಣ ಮತ್ತೆ ಮಾಡಿದೆ. ಎಲ್ಲರೂ ನಕ್ಕರು. ನಕ್ಕು ಬಸ್ಸು ಹತ್ತಿದರು. ನಗಿಸಿದ್ದೇ ತಪ್ಪಾಯಿತೇನೋ ಎಂದು ಆಮೇಲೆ ಅನ್ನಿಸಿದೆ. ಹೊಟ್ಟೆಯಲ್ಲಿದ್ದದ್ದು ನಗುವಾಗಿ ಆಚೆ ಹೋಯಿತು, ಗೇಟಿನ ಹತ್ತಿರ ನಿಂತು ಕೇಳಬೇಕಾದದ್ದನ್ನು ಯಾರೂ ಕೇಳಲಿಲ್ಲ.

ಒಂದೇ ಒಂದು ಕಾರ್ನರ್ ಪ್ರೆಸ್ಸು ಉಳಿದಿತ್ತು, ಅಕ್ಕನದು. ಉಳಿದ ಆರ್ಡರ್ ಮುಗಿಸಲು ಅವಳನ್ನೂ ನನ್ನನ್ನೂ ಇನ್ನು ಕೆಲವರನ್ನೂ ಇಟ್ಟುಕೊಂಡಿದ್ದರು. ಆಗ ಒಂದು ಸೋಮವಾರ ಮ್ಯಾನೇಜರ್ ನಮ್ಮಿಬ್ಬರನ್ನು ಆಫೀಸಿಗೆ ಕರೆದು ಕುರ್ಚಿ ಕೊಟ್ಟರು. ಕುರ್ಚಿ ಕೊಟ್ಟಾಗಲೇ ನನಗೆ ಭಯವಾಯಿತು.

ವಿಯೆಟ್ನಾಂನಲ್ಲಿ ಮೂಲೆಗಳು ಸರಿ ಬರುತ್ತಿರಲಿಲ್ಲವಂತೆ. ಬೆಲ್ಲಿಗೆ ಸರಿಯಾಗಿ ತೆಗೆದರೂ ಒಂದು ದಿನ ಹರಿಯುತ್ತವೆ, ಒಂದು ದಿನ ಕಚ್ಚಿಕೊಳ್ಳುತ್ತವೆ. ವಿಡಿಯೋದಲ್ಲಿದ್ದ ಹಾಗೇ ಮಾಡುತ್ತಿದ್ದಾರೆ, ಆದರೂ ಆಗುತ್ತಿಲ್ಲ. ಬುಧವಾರ ವಿಡಿಯೋ ಕಾಲಿನಲ್ಲಿ ಅಕ್ಕ ಮಾಡಿ ತೋರಿಸಬೇಕು.

"ಇದು ಸರಿಹೋದ್ರೆ, ಹಳೇ ಮಾಡೆಲ್ಲಿನ ಸ್ಪೇರಿಗೆ ಅಂತ ಒಂದು ಪ್ರೆಸ್ ಇಲ್ಲೇ ಇಡಿ ಅಂತ ನಾನೇ ಹೇಳ್ತೀನಿ. ಇಬ್ಬರಿಗೆ ಕೆಲಸ ಇರುತ್ತೆ" ಎಂದರು ಮ್ಯಾನೇಜರ್.

"ಇರುತ್ತೆ ಅಂತೀರೋ, ಇದ್ದೀತು ಅಂತೀರೋ ಸಾರ್?" ಎಂದಳು ಅಕ್ಕ.

"ಟ್ರೈ ಮಾಡ್ತೀನಿ ಅಕ್ಕ."

ಹೊರಗೆ ಬಂದು ಪ್ರೆಸ್ಸಿನ ಹತ್ತಿರ ನಿಂತಾಗ ಅಕ್ಕ ನನ್ನ ಮುಖ ನೋಡಿ ಕೇಳಿದಳು, "ಲೇ, ಅವತ್ತು ಅಷ್ಟು ಸಾರಿ ಮಾಡಿ ತೋರಿಸ್ದ್ಯಲ್ಲ, ಎಡಗೈ ಎಲ್ಲಿಟ್ಟಿದ್ದೆ?"

"ಎಡಗೈಯಾ? ಸುಮ್ನೆ ಪ್ರೆಸ್ ಮೇಲೆ."

"ಸುಮ್ನೆ ಇಡಾಕೆ ಕೈ ಯಾಕ್ ಬೇಕಪ್ಪ" ಎಂದು ಅವಳು ತೋರಿಸಿದಳು. ಅಚ್ಚು ಮುಚ್ಚಿದ್ದಾಗ ಅದರ ಸಂದಿಯಿಂದ ಒಂದಿಷ್ಟು ರಬ್ಬರ್ ಹೊರಗೆ ಉಕ್ಕಿರುತ್ತದೆ. ಬೆಲ್ ಹೊಡೆದ ಮೇಲೆ ಅವಳು ಎಡಗೈ ಹೆಬ್ಬೆರಳಿನ ಉಗುರನ್ನು ಅದಕ್ಕೆ ಒತ್ತಿ ಬಿಡುತ್ತಿದ್ದಳು. ಉಗುರಿನ ಗುರುತು ಹಾಗೇ ಉಳಿದರೆ ಇನ್ನೂ ಹಸಿ, ಕಾಯಬೇಕು. ಗುರುತು ತುಂಬಿಕೊಂಡು ಮಾಯವಾದರೆ ಬೆಂದಿದೆ. ಚಳಿಗಾಲದ ಬೆಳಿಗ್ಗೆ ರಬ್ಬರ್ ಬೇಯುವ ಮುಂಚೆಯೇ ಬೆಲ್ ಹೊಡೆಯುತ್ತದೆ, ಬೇಸಿಗೆ ಮಧ್ಯಾಹ್ನ ಬೆಂದು ತಡವಾದ ಮೇಲೆ. ಆ ಮಧ್ಯಾಹ್ನಗಳಲ್ಲಿ ಅವಳು ಬೆಲ್ಲಿಗೆ ಕಾಯದೆ ಉಗುರನ್ನೇ ಕೇಳುತ್ತಿದ್ದಳು. "ಮುದ್ದೆ ಬೆಂದೈತಾ ಅಂತ ಒದ್ದೆ ಬೆರಳು ಮುಟ್ಟಿಸಿ ನೋಡಲ್ವಾ, ಬೆರಳಿಗೆ ಅಂಟಿದ್ರೆ ಇನ್ನೊಂದ್ ಕುದಿ. ಇದೂ ಹಂಗೇ. ಇದ್ಕೂ ಒಂದು ಬೆಲ್ ಇಟ್ಟವ್ರೆ ದಡ್ಡರು."

ನಾಲ್ಕು ವರ್ಷ ಅವಳ ಪಕ್ಕ ಕೂತು ಅವಳ ಮೂಗಿನ ಸದ್ದು ಕಲಿತಿದ್ದೆ, ಸೊಂಟ ಕಲಿತಿದ್ದೆ, ಈ ಉಗುರನ್ನು ನೋಡಿಯೇ ಇರಲಿಲ್ಲ. ನನ್ನ ಕೈಯಲ್ಲಿ ತುಂಡುಗಳು ಯಾಕೆ ಕೆಡುತ್ತಿದ್ದವು ಎಂದು ಆಗ ತಿಳಿಯಿತು. ನಗು ಬರುವುದನ್ನಷ್ಟೇ ನೋಡುವ ಕಣ್ಣು ನನ್ನದು.

"ಅಕ್ಕ, ಬುಧವಾರ ಇದನ್ನ ತೋರಿಸಬೇಡ" ಎಂದೆ. "ಪ್ರೆಸ್ ಇಲ್ಲೇ ಇಡ್ತೀವಿ ಅಂತ ಬರೆದು ಕೊಡಲಿ, ಆಮೇಲೆ ತೋರಿಸು. ಬಳೆ ಏರಿಸಿ, ಹ್ಞೂಂ ಅಂದು, ಬೆಲ್ಲಿಗೆ ತೆಗೆದು ಬಾ. ಇದೊಂದೇ ನಿನ್ನ ಕೈಲಿರೋದು."

ಅವಳು ಯೋಚಿಸಿದಳು. "ಹೌದು ಕಣೋ. ಬರ್ದು ಕೊಡ್ಲಿ. ಅಲ್ಲಿಗಂಟ ತೋರಿಸಲ್ಲ" ಎಂದಳು. ನನ್ನ ಕೈಮೇಲೆ ಕೈಯಿಟ್ಟು ಹೇಳಿದಳು.

ಬುಧವಾರ ಪ್ರೆಸ್ಸಿನ ಮುಂದೆ ಒಂದು ದೊಡ್ಡ ಟಿವಿ ಇಟ್ಟರು. ಪರದೆಯಲ್ಲಿ ಅಲ್ಲಿಯ ಶೆಡ್ಡು ಬಂತು. ನಮ್ಮದೇ ಆರು ಪ್ರೆಸ್ಸುಗಳು, ಸಾಲಾಗಿ. ಮುಂದೆ ಆರು ಹುಡುಗಿಯರು, ತಲೆಗೆ ಟೋಪಿ, ಮುಖಕ್ಕೆ ಮಾಸ್ಕು. ಮೊದಲು ಅವರು ಮಾಡಿ ತೋರಿಸಲಿ ಎಂದರು ಮ್ಯಾನೇಜರ್. ಬೆಲ್ ಹೊಡೆಯಿತು. ಆರು ಜನ ಒಟ್ಟಿಗೆ ಬಲಗೈ ಮೇಲೆ ಎರಡು ಬೆರಳಿಟ್ಟು ಮೊಣಕೈ ಕಡೆಗೆ ಸರಕ್ಕನೆ ಏರಿಸಿದರು. ಅವರ ಕೈಯಲ್ಲಿ ಬಳೆ ಇರಲಿಲ್ಲ. ಗಾಳಿಯನ್ನೇ ಏರಿಸಿದರು. ಆಮೇಲೆ ಆರು ಭುಜಗಳು ಒಂದೇ ಕಡೆ ವಾಲಿದವು.

ನಮ್ಮ ಶೆಡ್ಡಿನಲ್ಲಿದ್ದವರೆಲ್ಲ ನಕ್ಕುಬಿಟ್ಟರು. ಸೂಪರ್‌ವೈಸರ್ ಕೂಡ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡರು. ಆ ಹುಡುಗಿಯರು ನಕಲು ಮಾಡಿದ್ದು ಅಕ್ಕನನ್ನಲ್ಲ, ಅಕ್ಕನನ್ನು ಆಡಿಕೊಂಡ ನನ್ನನ್ನು. ಅವಳ ಹನ್ನೆರಡು ವರ್ಷದ ಕೆಲಸವನ್ನು ನಾನು ಒಂದು ಚೇಷ್ಟೆಯಾಗಿಸಿದ್ದೆ, ಕಂಪನಿಯವರು ಆ ಚೇಷ್ಟೆಯನ್ನು ಪಾಠವಾಗಿಸಿದ್ದರು. ಇಷ್ಟು ಓದಿದ ಕಂಪನಿ, ಕೆಲಸ ಯಾವುದು, ಕೆಲಸ ಮಾಡುವವಳ ಚಾಳಿ ಯಾವುದು ಎಂದು ಒಬ್ಬರನ್ನೂ ಕೇಳಿರಲಿಲ್ಲ. ಕೇಳುವಷ್ಟು ಮರ್ಯಾದೆ ಕೊಟ್ಟಿದ್ದರೆ ತಾನೇ.

"ಅಯ್ಯೋ, ಆ ಮಕ್ಳಿಗೆ ಬಳೆನೇ ಇಲ್ಲವಲ್ಲೋ" ಎಂದಳು ಅಕ್ಕ. ಅವಳೂ ನಗುತ್ತಿದ್ದಳು. ಅಷ್ಟರಲ್ಲಿ ಪರದೆಯಲ್ಲಿ ಮುಂದಿದ್ದ ಹುಡುಗಿ ಅಚ್ಚಿನಿಂದ ಮೂಲೆಯನ್ನು ಜಗ್ಗಿದಳು. ಅದು ಕಚ್ಚಿಕೊಂಡಿತ್ತು. ಜೋರಾಗಿ ಜಗ್ಗಿದಳು, ಕೈ ಜಾರಿ ಬಿಸಿ ಅಚ್ಚಿಗೆ ತಾಗಿತು. ಅವಳು ಬೆರಳನ್ನು ಬಾಯಲ್ಲಿಟ್ಟುಕೊಳ್ಳಲು ಮಾಸ್ಕು ಎಳೆದಾಗ ಮುಖ ಕಂಡಿತು. ನಮ್ಮ ಅಕ್ಕನ ಮಗಳಿಗಿಂತ ಚಿಕ್ಕವಳು. ಎರಡೂ ಕೈಯ ಬೆರಳುಗಳಿಗೆ ಬಿಳಿ ಪಟ್ಟಿ ಸುತ್ತಿತ್ತು. ಪಕ್ಕದವಳಿಗೂ ಸುತ್ತಿತ್ತು.

ಅಕ್ಕ ನಗುವುದನ್ನು ನಿಲ್ಲಿಸಿದಳು.

"ಸಾರ್, ಕೇಳ್ರಿ ಆ ಹುಡುಗೀನ, ದಿನಾ ಇಂಗೇ ಸುಟ್ಕಳ್ತಾಳಾ."

ಮ್ಯಾನೇಜರ್ ಇಂಗ್ಲಿಷಿನಲ್ಲಿ ಕೇಳಿದರು. ಅಲ್ಲಿಯ ಒಬ್ಬ ಅವರ ಭಾಷೆಗೆ ತಿರುಗಿಸಿದ. ಹುಡುಗಿ ಹೌದೆಂದು ತಲೆಯಾಡಿಸಿದಳು. ನಾನು ಅಕ್ಕನ ಸೆರಗು ಜಗ್ಗಿದೆ. "ಅಕ್ಕ, ಬರೆದು ಕೊಟ್ಟಿಲ್ಲ ಇನ್ನೂ" ಎಂದೆ ಮೆಲ್ಲಗೆ. ಅವಳು ನನ್ನ ಕೈ ಬಿಡಿಸಿಕೊಂಡು ಪ್ರೆಸ್ಸಿನ ಹತ್ತಿರ ಹೋಗಿ, ಕ್ಯಾಮೆರಾ ಹಿಡಿದಿದ್ದವನಿಗೆ, "ಈ ಕಡೆ ಬಾರಪ್ಪ, ಎಡಗಡೆಗೆ. ಮುಖ ಬ್ಯಾಡ, ಕೈ ಹಿಡಿ" ಎಂದಳು. ಆಯುಧಪೂಜೆ ಕಳೆದು ಕ್ಯಾಮೆರಾ ಬಂದಾಗ ಮರಗಟ್ಟಿದ್ದ ಕೈ ಅವತ್ತು ಎಂದಿನ ಹಾಗೇ ಆಡಿತು. ಅಚ್ಚು ಮುಚ್ಚಿ, ಬೆಲ್ ಹೊಡೆದ ಮೇಲೂ ಕಾದು, ಉಗುರು ಒತ್ತಿ, "ನೋಡವ್ವ, ಗುರುತು ಹಂಗೇ ಐತೆ, ತೆಗೀಬ್ಯಾಡ. ಈಗ ನೋಡು. ಈಗ ಹೋತು. ಈಗ ತೆಗಿ, ತಾನೇ ಬರುತ್ತೆ, ಜಗ್ಗಬ್ಯಾಡ" ಎಂದು ಕನ್ನಡದಲ್ಲೇ ಹೇಳಿದಳು. ಮೂಲೆ ನಿಜವಾಗಿ ತಾನೇ ಬಂತು. ಐದು ಸಲ ತೋರಿಸಿದಳು. ಕೊನೆಗೆ ಆ ಹುಡುಗಿ ಹೆಬ್ಬೆರಳಿನ ಪಟ್ಟಿ ಸರಿಸಿ, ತನ್ನ ಪ್ರೆಸ್ಸಿನಲ್ಲಿ ಉಗುರು ಒತ್ತಿ, ಕಾದು, ತೆಗೆದಳು. ಬಂತು. ಪರದೆಗೆ ಹತ್ತಿರ ಬಂದು ಎರಡೂ ಕೈ ಕೂಡಿಸಿ ತಲೆ ಬಾಗಿಸಿದಳು. ಅಕ್ಕನೂ ಕೈ ಮುಗಿದಳು.

ನನಗೆ ಅಳುವಷ್ಟು ಸಿಟ್ಟು ಬಂತು. "ಕೊಟ್ಟುಬಿಟ್ಟೆಯಲ್ಲ ಅಕ್ಕ" ಎಂದೆ.

"ಆ ಹುಡುಗಿ ಕೈ ಸುಟ್ಕಳದು ನೋಡ್ಕಂಡು ನಾನು ಇಲ್ಲಿ ಕಾಗದ ಕಾಯ್ಲಾ?" ಎಂದಳು. "ಕಂಪ್ನಿಗೆ ಕೊಡಲಿಲ್ಲಲೇ ನಾನು. ಅವ್ಳಿಗೆ ಕೊಟ್ಟೆ."

ಕಂಪನಿ ಅದನ್ನೂ ರೆಕಾರ್ಡ್ ಮಾಡಿಕೊಂಡಿತು. ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಮುಂದಿನ ವಾರ ಅವರು ಗೋಡೆ ನೋಡುತ್ತಾ, ಒಂದು ಪ್ರೆಸ್ ಇಲ್ಲೇ ಇಡುವುದಕ್ಕೆ ಹೆಡ್ ಆಫೀಸಿನಿಂದ ಒಪ್ಪಿಗೆ ಬರಲಿಲ್ಲ ಎಂದು ಹೇಳಿದರು. ಕೇಳಿದ್ದರೋ ಇಲ್ಲವೋ ದೇವರಿಗೆ ಗೊತ್ತು.

ಕೊನೆಯ ದಿನ ಕ್ಯಾಂಟೀನಿನಲ್ಲಿ ಒಂದು ಟೇಬಲ್ ಹಾಕಿ ಒಬ್ಬೊಬ್ಬರನ್ನೇ ಕರೆದರು. ಸಹಿ ಹಾಕಿದವರ ಲೆಕ್ಕದ ಹಣ ಅವತ್ತೇ ಬ್ಯಾಂಕಿಗೆ, ಹಾಕದವರು ದುರ್ಗದ ಲೇಬರ್ ಆಫೀಸಿಗೆ ಅಲೆಯಬೇಕು ಎಂದರು. ಕಾಗದ ಇಂಗ್ಲಿಷಿನಲ್ಲಿತ್ತು. ನಾನು ಮೂರನೆಯವನು. ಓದಿದೆ, ಅರ್ಥವಾಯಿತು, ಸಹಿ ಹಾಕಿದೆ. ಬಾಯಿ ಇಷ್ಟುದ್ದ ಇದ್ದವನ ಕೈ ಅಷ್ಟು ಸಲೀಸಾಗಿ ಓಡಿತು. ಹೀರೋ ಅನ್ನಿಸಿಕೊಳ್ಳಲು ಇಲ್ಲಿ ನನಗೆ ಅವಕಾಶ ಇತ್ತು, ಉಪಯೋಗಿಸಿಕೊಳ್ಳಲಿಲ್ಲ, ಅಷ್ಟೇ.

ಅಕ್ಕನ ಸರದಿ ಬಂದಾಗ ಅವಳು ಕಾಗದ ಹಿಡಿದು ನನ್ನ ಕಡೆ ತಿರುಗಿದಳು. "ಏನ್ ಬರ್ದೈತೋ ಓದಪ್ಪ."

ಓದಿದೆ. "ನಾನು ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಕೆಲಸ ಬಿಡುತ್ತಿದ್ದೇನೆ" ಎಂದು ಬರೆದಿದೆ ಎಂದೆ.

"ಯಾರ ಇಚ್ಛೆ?"

"ನಿಂದು ಅಕ್ಕ."

"ನಾನ್ಯಾವಾಗ ಹೇಳ್ದೆ?"

ಹಿಂದೆ ನಿಂತಿದ್ದ ಒಬ್ಬಿಬ್ಬರು ನಕ್ಕರು. ಅವಳು ನಗಲಿಲ್ಲ. ಮ್ಯಾನೇಜರ್, ಅದು ಬರೀ ಫಾರ್ಮಾಲಿಟಿ, ಎಲ್ಲರೂ ಹಾಕಿದ್ದಾರೆ ಎಂದರು.

"ಸಾರ್, ನೀವು ಪ್ರೆಸ್ ಒಯ್ದ್ರಿ. ಕೆಲಸ ಒಯ್ದ್ರಿ. ನಾನು ಅಡ್ಡ ಬಂದ್ನಾ? ಕಲಿಸ್ರಿ ಅಂದ್ರಿ, ಕಲಿಸ್ದೆ. ಈಗ ನಾನೇ ಬಿಟ್ಟೆ ಅಂತ ನನ್ ಕೈಲೇ ಬರೆಸ್ಕಂತೀರಾ? ನಾಳೆ ನನ್ ಮಗಳು ಓದಿದ್ರೆ, ನಮ್ಮವ್ವ ಸಾಕಾತು ಅಂತ ಮನೇಲಿ ಕುಂತ್ಳು ಅಂದ್ಕಳಲ್ವಾ? ಕಂಪ್ನಿ ತೆಗೀತು ಅಂತ ಬರ್ರಿ, ಈಗ್ಲೇ ಹಾಕ್ತೀನಿ."

ಅವರು ಬರೆಯಲಿಲ್ಲ. ಅವಳು ಹಾಕಲಿಲ್ಲ. ಕಾಗದವನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು ಹೋದಳು.

ಆಮೇಲೆ ಅವಳು ಮೂರು ಸಲ ದುರ್ಗದ ಲೇಬರ್ ಆಫೀಸಿಗೆ ಒಬ್ಬಳೇ ಹೋದಳೆಂದು ಗೊತ್ತಾಯಿತು. ನಾಲ್ಕನೇ ಸಲ ನಾನು ಜೊತೆಗೆ ಹೋದೆ. ನನಗೆ ಆಗ ಐಮಂಗಲದ ಹತ್ತಿರ ಹೈವೇ ಹೋಟೆಲ್ಲಿನಲ್ಲಿ ಬಿಲ್ ಬರೆಯುವ ಕೆಲಸ ಸಿಕ್ಕಿತ್ತು, ಒಂದು ದಿನ ರಜೆ ಹಾಕಿದೆ. ಕಂಪನಿಯ ಕಡೆಯಿಂದ ಒಬ್ಬ ವಕೀಲರು ಬಂದಿದ್ದರು. ಅವರ ಫೈಲಿನಲ್ಲಿ ನಾವು ಸಹಿ ಹಾಕಿದ ಕಾಗದಗಳ ಒಂದು ಕಟ್ಟು. ಎಲ್ಲರೂ ಒಪ್ಪಿ ಬಿಟ್ಟಿದ್ದಾರೆ, ಈಕೆ ಒಬ್ಬಳದೇ ತಕರಾರು ಎಂದರು.

ಆಫೀಸರ್ ಅಕ್ಕನಿಗೆ, "ನಿಮಗೇನು ಬೇಕಮ್ಮ? ಕೆಲಸ ವಾಪಸ್ ಬೇಕಾ?" ಎಂದು ಕೇಳಿದರು.

"ಅದು ಹಡಗು ಹತ್ತಿ ಹೋಗೈತೆ ಸಾರ್, ಬರಲ್ಲ ಅಂತ ನಂಗೂ ಗೊತ್ತು. ನಾನು ಬಿಟ್ಟೋಳಲ್ಲ ಅಂತ ನಿಮ್ಮ ಪುಸ್ತಕದಾಗೆ ಬರೀರಿ. ತೆಗೆದ್ರು ಅಂತ ಬರೀರಿ. ತೆಗೆದೋರಿಗೆ ಏನ್ ಕೊಡಬೇಕಂತ ಕಾನೂನ್ನಾಗೆ ಐತೋ, ಅದು ಆಮೇಲೆ ಬರ್ಲಿ."

"ಸಾಕ್ಷಿ ಇದ್ದಾರಾ?"

ಅಕ್ಕ ನನ್ನ ಕಡೆ ನೋಡಲಿಲ್ಲ. ಕೇಳಬಾರದು ಎಂದು ನೋಡಲಿಲ್ಲ ಅನ್ನಿಸುತ್ತದೆ. ನಾನು ಎದ್ದು ನಿಂತು ನನ್ನ ಹೆಸರು ಹೇಳಿದೆ. ವಕೀಲರು ಕಟ್ಟು ಬಿಚ್ಚಿ ಮೂರನೇ ಕಾಗದ ಎಳೆದು ಮೇಜಿನ ಮೇಲಿಟ್ಟರು.

"ಇವನೇ ಸಹಿ ಹಾಕಿದ್ದಾನಲ್ಲ ಸಾರ್, ಸ್ವಂತ ಇಚ್ಛೆ ಅಂತ. ಇವತ್ತು ಬಂದು ಬೇರೆ ಹೇಳಿದ್ರೆ?"

ಆಫೀಸರ್ ಕನ್ನಡಕದ ಮೇಲಿನಿಂದ ನೋಡಿದರು. "ಇದು ನಿಂದೇನಾ?"

"ನಂದೇ ಸಾರ್."

"ನಿನ್ನ ಇಚ್ಛೆಯಿಂದ ಹಾಕಿದ್ಯಾ?"

"ಇಲ್ಲ ಸಾರ್. ಹಾಕ್ಲಿಲ್ಲ ಅಂದ್ರೆ ಹಣ ಬರಲ್ಲ ಅಂದ್ರು, ಹೆದರಿ ಹಾಕ್ದೆ. ಅದ್ರಾಗೆ ಬರೆದಿದ್ದು ಸುಳ್ಳು. ಸುಳ್ಳು ಅಂತ ಗೊತ್ತಿದ್ದೇ ಹಾಕ್ದೆ."

"ಇದನ್ನ ಬರೆದುಕೊಂಡರೆ ನಿನಗೆ ಕೊಟ್ಟ ಹಣವನ್ನೂ ಕಂಪನಿ ವಾಪಸ್ ಕೇಳಬಹುದು, ಗೊತ್ತಾ?" ಎಂದರು ವಕೀಲರು. ಅದು ಬೆದರಿಕೆಯೋ ಸಲಹೆಯೋ ತಿಳಿಯಲಿಲ್ಲ. ಅಕ್ಕ ನನ್ನ ತೋಳು ಹಿಡಿದು, "ಬ್ಯಾಡ ಬಿಡೋ, ಕುಂತ್ಕ" ಎಂದಳು.

ಆಫೀಸರ್ ಗುಮಾಸ್ತರಿಗೆ ಬರೆದುಕೊಳ್ಳಿ ಎಂದರು. ನಾನು ಹೇಳಿದ್ದನ್ನು ಅವರು ಒಂದೊಂದೇ ಸಾಲಾಗಿ ಬರೆದು, ಓದಿ ಹೇಳಿ, ಕಾಗದ ನನ್ನ ಕಡೆ ತಿರುಗಿಸಿದರು. ಕ್ಯಾಂಟೀನಿನಲ್ಲಿ ಸರಾಗ ಓಡಿದ ಪೆನ್ನು ಇಲ್ಲಿ ನನ್ನ ಹೆಸರಿನ ಮಧ್ಯದಲ್ಲಿ ಒಮ್ಮೆ ನಿಂತಿತು. ಮುಗಿಸಿದೆ. ಅಕ್ಕ ತನ್ನ ಹೇಳಿಕೆಯ ಕೆಳಗೆ ದೊಡ್ಡ ದೊಡ್ಡ ಅಕ್ಷರಗಳಲ್ಲಿ ತನ್ನ ಹೆಸರು ಬರೆದಳು. ಮುಂದಿನ ವಾಯಿದೆ ಕೊಟ್ಟರು. ವಕೀಲರು ಫೈಲು ಕಟ್ಟಿಕೊಂಡು ಕಾರು ಹತ್ತಿದರು.

ನಾವು ಬಸ್ ಸ್ಟಾಂಡಿನ ಕಡೆ ನಡೆದೆವು.

"ನಿನ್ ದುಡ್ಡು ಹೋದ್ರೆ ಏನ್ಮಾಡ್ತೀಯಪ್ಪ" ಎಂದಳು ಅಕ್ಕ.

"ಮುಂದಿನ ವಾಯಿದೆಗೂ ಬರ್ತೀನಿ ಅಕ್ಕ" ಎಂದೆ.